ಮಣಿಪಾಲದಲ್ಲಿ ಕೆಲಸ ಸಿಕ್ಕಿದೆ: ಮನೆ ಎಲ್ಲಿ ಹುಡುಕೋದು, ಹೆಂಡತಿಯ ಮೆಸ್ ನಡೆದೀತಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಮಣಿಪಾಲದ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿದೆ. ಜೂನ್ ಕೊನೆಗೆ ಸೇರಬೇಕು. ನಾವು ದಾವಣಗೆರೆಯವರು, ಮನೆಯಲ್ಲಿ ನಾನು, ಹೆಂಡತಿ, ಎರಡನೇ ಕ್ಲಾಸಿನ ಮಗಳು. ಹೆಂಡತಿ ಇಲ್ಲಿ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹೋಳಿಗೆ ಮಾಡಿಕೊಡ್ತಾಳೆ, ಖಾಯಂ ಗಿರಾಕಿಗಳಿದ್ದಾರೆ. ಅದನ್ನೆಲ್ಲ ಬಿಟ್ಟು ಬರಬೇಕಲ್ಲ ಅಂತ ಅವಳಿಗೆ ಬೇಜಾರು. ಅಲ್ಲಿ ಅಷ್ಟೊಂದು ಸ್ಟೂಡೆಂಟ್ಸ್ ಇರ್ತಾರೆ, ಕಾಲೇಜಿನ ಪಕ್ಕದಲ್ಲೇ ಮನೆ ಹಿಡಿದು ಸಣ್ಣ ಮೆಸ್ ಮಾಡೋಣ ಅನ್ನೋದು ಅವಳ ಆಲೋಚನೆ. ಆಗೋ ಮಾತಾ? ಅಲ್ಲೇ ಇರೋರು ದಯವಿಟ್ಟು ಹೇಳಿ.

ಪರ್ಕಳದ ಬೈಂಡರ್:
ಅಭಿನಂದನೆ ಸರ್. ನನ್ನದು ಮಣಿಪಾಲದಲ್ಲಿ ಜೆರಾಕ್ಸ್, ಬೈಂಡಿಂಗ್ ಅಂಗಡಿ, ಮನೆ ಪರ್ಕಳದಲ್ಲಿ. ಮೆಸ್ಸಿನ ವಿಷಯ ಮೊದಲು ಹೇಳ್ತೇನೆ, ಕೈಯಿಂದ ದುಡ್ಡು ಹೋಗುವುದು ಅಲ್ಲೇ.

ವಿದ್ಯಾರ್ಥಿಗಳನ್ನೇ ನಂಬಿದ ವ್ಯಾಪಾರಕ್ಕೆ ವರ್ಷದಲ್ಲಿ ಹನ್ನೆರಡು ತಿಂಗಳಿಲ್ಲ. ಏಪ್ರಿಲ್ ಬಂತೆಂದರೆ ನನ್ನ ಅಂಗಡಿಯಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಎಲ್ಲರಿಗೂ ಪ್ರಾಜೆಕ್ಟ್ ರಿಪೋರ್ಟ್, ಎಲ್ಲರಿಗೂ ನಾಳೆ ಬೆಳಿಗ್ಗೆಯೇ ಬೇಕು. ರಟ್ಟಿಗೆ ಕಪ್ಪು ರೆಕ್ಸಿನ್ ಅಂಟಿಸಿ, ಒಣಗಿದ ಮೇಲೆ ಅಚ್ಚು ಕಾಯಿಸಿ, ಚಿನ್ನದ ಬಣ್ಣದ ಫಾಯಿಲ್ ಇಟ್ಟು ಒತ್ತಬೇಕು. ಬಿಸಿ ಹೆಚ್ಚಾದರೆ ರೆಕ್ಸಿನ್ ಸುಕ್ಕಾಗ್ತದೆ, ಕಡಿಮೆಯಾದರೆ ಅಕ್ಷರ ಉಗುರಿಗೆ ಎದ್ದು ಬರ್ತದೆ. ಆ ಹದ ಮೆಷಿನ್ ಹೇಳುವುದಿಲ್ಲ, ಕೈಗೇ ಗೊತ್ತಾಗಬೇಕು. ನಡುರಾತ್ರಿವರೆಗೆ ಹೀಗೆ. ಪರೀಕ್ಷೆ ಮುಗಿಯಿತು ಅನ್ನುವಷ್ಟರಲ್ಲಿ ಮಕ್ಕಳೆಲ್ಲ ಬ್ಯಾಗ್ ಎತ್ತಿಕೊಂಡು ಇಂದ್ರಾಳಿ ರೈಲ್ವೆ ಸ್ಟೇಷನ್ನಿಗೆ. ಆಮೇಲೆ ಅಂಗಡಿ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅಂಗಡಿ ಬಾಡಿಗೆ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿಯಾದಾಗ ನನ್ನ ಸಾಲಿನಲ್ಲೇ ಎಷ್ಟೋ ಶಟರ್ ಇಳಿದದ್ದು ಮತ್ತೆ ಏಳಲಿಲ್ಲ.

ಅದೂ ಅಲ್ಲದೆ ಹಾಸ್ಟೆಲ್ ಮಕ್ಕಳಿಗೆ ಒಳಗೇ ಮೆಸ್ ಉಂಟು. ಹೊರಗೆ ಬಂದರೆ ಅವರಿಗೆ ಬೇಕಾಗುವುದು ಬಿರಿಯಾನಿ, ಶವರ್ಮಾ, ಮ್ಯಾಗಿ. ಅವರ ಮೇಲೆ ನನಗೆ ದೂರಿಲ್ಲ, ನನ್ನ ಅನ್ನ ಅವರಿಂದಲೇ. ಆದರೆ ಜೋಳದ ರೊಟ್ಟಿ ಹುಡುಕಿಕೊಂಡು ಬರುವವರು ಅವರಲ್ಲ.

ಹುಡುಕುವವರು ಬೇರೆ ಇದ್ದಾರೆ. ಟಿ.ಎಂ.ಎ. ಪೈಯವರು 1953ರಲ್ಲಿ ಕೆಎಂಸಿ, ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡುವಾಗ ಇದು ಬೋಳುಗುಡ್ಡೆ. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂತು. ಇವತ್ತು ಅಲ್ಲಿ ಎರಡು ಸಾವಿರದಷ್ಟು ಹಾಸಿಗೆ ಉಂಟು. ಆ ಹಾಸಿಗೆಗಳಲ್ಲಿ ಮಲಗಿರುವವರು ಎಲ್ಲಿಯವರು ಅಂತ ಗೇಟಿನ ಹತ್ತಿರ ನಿಂತು ಮಾತು ಕೇಳಿದರೆ ಗೊತ್ತಾಗ್ತದೆ: ಶಿವಮೊಗ್ಗ, ಹಾವೇರಿ, ಚಿತ್ರದುರ್ಗ, ನಿಮ್ಮ ದಾವಣಗೆರೆ. ಒಬ್ಬ ರೋಗಿಯ ಜೊತೆ ಇಬ್ಬರಾದರೂ ಬರ್ತಾರೆ, ವಾರಗಟ್ಟಲೆ ಉಳೀತಾರೆ. ನಮ್ಮ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಸಾರು ಅವರ ಗಂಟಲಲ್ಲಿ ಇಳಿಯುವುದಿಲ್ಲ. ಡಿಸ್ಚಾರ್ಜ್ ಫೈಲ್ ಜೆರಾಕ್ಸ್ ಮಾಡಿಸಲಿಕ್ಕೆ ಬಂದವರು ನನ್ನ ಹತ್ತಿರವೇ ಕೇಳ್ತಾರೆ: "ಇಲ್ಲೆಲ್ಲಾದ್ರೂ ರೊಟ್ಟಿ ಸಿಗ್ತಾವೇನ್ರಿ?" ಆಸ್ಪತ್ರೆಗೆ ಸೆಮಿಸ್ಟರ್ ರಜೆ ಇಲ್ಲ ಸರ್. ನಿಮ್ಮ ಮನೆಯವರ ಗಿರಾಕಿಗಳು ಅಲ್ಲಿದ್ದಾರೆ. ನರ್ಸ್‌ಗಳು, ಲ್ಯಾಬಿನವರು, ರಜತಾದ್ರಿಯ ಡಿಸಿ ಆಫೀಸಿನಲ್ಲಿ ಕೆಲಸ ಮಾಡುವ ಆ ಕಡೆಯ ನೌಕರರು ಕೂಡ ತೆಗೊಳ್ಳುತ್ತಾರೆ.

ಹಾಗಾಗಿ ಮೆಸ್ ಬೇಡ, ಅಂಗಡಿ ಅಡ್ವಾನ್ಸ್ ಅಂತೂ ಬೇಡವೇ ಬೇಡ. ಮನೆಯಲ್ಲಿ ಮಾಡಿ ಡಬ್ಬಿ ಕೊಡಲಿ. ಆಹಾರ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಟ್ರೇಡ್ ಲೈಸೆನ್ಸ್ ವಿಷಯ ಉಡುಪಿ ನಗರಸಭೆಯಲ್ಲಿ ಕೇಳಿ. ಮನೆ ಮಾತಾಡುವಾಗಲೇ ಓನರಿಗೆ ಅಡುಗೆ ವಿಷಯ ಹೇಳಿಬಿಡಿ.

ಇನ್ನು ಮನೆ. ಟೈಗರ್ ಸರ್ಕಲ್ ಸುತ್ತ, ವಿದ್ಯಾರತ್ನ ನಗರ, ಈಶ್ವರ ನಗರ ಕಡೆ ಮೂರ್ನಾಲ್ಕು ಹುಡುಗರು ಸೇರಿ ಒಂದು ಫ್ಲ್ಯಾಟ್ ಹಿಡೀತಾರೆ. ನಾಲ್ಕು ಅಪ್ಪಂದಿರು ಕೊಡುವ ಬಾಡಿಗೆಯನ್ನು ಒಂದು ಸಂಬಳದಲ್ಲಿ ಕೊಡಲಿಕ್ಕಾಗುವುದಿಲ್ಲ. ಕೊಟ್ಟರೂ ಮಗುವಿಗೆ ಅಕ್ಕಪಕ್ಕ ಆಡಲಿಕ್ಕೆ ಜನ ಇಲ್ಲ, ರಜೆಯಲ್ಲಿ ಇಡೀ ಕಟ್ಟಡ ಕತ್ತಲೆ. ಪರ್ಕಳ, ಅಲೆವೂರು, ಇಂದ್ರಾಳಿ, ಕುಂಜಿಬೆಟ್ಟು ನೋಡಿ. ಸಂಸಾರಸ್ಥರು ಇರುವ ಜಾಗ, ಬಸ್ಸು ಧಾರಾಳ ಉಂಟು.

ರಾಣೆಬೆನ್ನೂರಾಕಿ:
ಅಣ್ಣಾರ ಹೇಳಿದ್ದು ಖರೇ ಐತ್ರಿ. ನಾನೂ ಲಗ್ನ ಆಗಿ ಈ ಕಡೆ ಬಂದಾಕಿ, ಅಲೆವೂರಾಗ ಇರ್ತೀನಿ. ಅಕ್ಕಾರಿಗೆ ಎರಡು ಮಾತು ಹೇಳ್ರಿ. ಜೋಳದ ಹಿಟ್ಟು ಒಮ್ಮೆಲೇ ಬೀಸಿಸಿ ತರಬ್ಯಾಡ್ರಿ. ಮಳೆಗಾಲದಾಗ ಇಲ್ಲಿ ಹಿಟ್ಟು ಮುಗ್ಗಲ ಹಿಡೀತೈತಿ, ಆ ಹಿಟ್ಟಿನ ರೊಟ್ಟಿ ಬಡಿಯೋವಾಗ ಅಂಚು ಒಡೀತಾವ, ಕಹಿನೂ ಆಗ್ತಾವ. ಜೋಳನ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯೊಳಗ ಇಟ್ಟು, ವಾರಕ್ಕ ಬೇಕಾದಷ್ಟೇ ಬೀಸಿಸ್ರಿ. ಇಲ್ಲಿ ಮಿಲ್‌ನಾಗ ಹೆಚ್ಚು ಬೀಸೋದು ಗೋಧಿ, ಅಕ್ಕಿ, ಮೆಣಸಿನಕಾಯಿ. ಗೋಧಿ ಬೀಸಿದ ಮ್ಯಾಲೆ ಹಾಕ್ರಿ ಅಂತ ನಿಂತು ಹೇಳ್ಬೇಕು. ಮೆಣಸಿನಕಾಯಿ ಬೀಸಿದ ಕಲ್ಲಿಗೆ ಹಾಕಿದ್ರ ಆ ಹಿಟ್ಟು ಯಾವುದಕ್ಕೂ ಬರಂಗಿಲ್ಲ.

ಕಟಕ್ ರೊಟ್ಟಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡಾಕ ಹೋಗಬ್ಯಾಡ್ರಿ, ತಾಸಿನಾಗ ಮೆತ್ತಗಾಗ್ತಾವ. ಬಿಸಿ ರೊಟ್ಟಿನೇ ಕೊಡ್ರಿ.

ಮತ್ತ ಒಂದು, ಓಣಿಯಾಗಿನ ಹೆಣ್ಮಕ್ಕಳು ತುಳು, ಕೊಂಕಣಿ ಮಾತಾಡ್ತಾರ. ನಾವು ಹೋದ ಕೂಡಲೇ ಕನ್ನಡಕ್ಕ ಬರ್ತಾರ. ಒಂಟಿ ಅನಸಂಗಿಲ್ರಿ.

ಬೆಣ್ಣೆನಗರಿ:
ಅಕ್ಕಾರ ಮಾತನ್ನ ಹೆಂಡತಿಗೆ ಓದಿ ಹೇಳಿದೆ, ಗಿರಣಿ ವಿಷಯ ಕೇಳಿ ಅವಳಿಗೆ ಧೈರ್ಯ ಬಂತು. ಸರ್, ಆಸ್ಪತ್ರೆ ವಿಚಾರ ನಮ್ಮ ತಲೆಗೇ ಹೊಳೆದಿರಲಿಲ್ಲ. ನಮ್ಮ ದೊಡ್ಡಪ್ಪನ್ನೂ ಅಲ್ಲಿಗೇ ಕರ್ಕೊಂಡು ಹೋಗಿದ್ರು. ಮನೆ ನೋಡೋಕೆ ಜೂನ್ ಮೊದಲ ವಾರ ಬಂದ್ರೆ ಸಾಕಾ?

ಪರ್ಕಳದ ಬೈಂಡರ್:
ಮೇ ತಿಂಗಳಲ್ಲೇ ಬನ್ನಿ. ಮಳೆ ಬಿದ್ದ ಮೇಲೆ ನೋಡಿದರೆ ಎಲ್ಲ ಮನೆಯಲ್ಲೂ ನೀರು ಇರ್ತದೆ. ಇಷ್ಟು ಮಳೆ ಸುರಿಯುವ ಊರಿನಲ್ಲಿ ಬೇಸಿಗೆಗೆ ನೀರಿಲ್ಲ ಅಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಇದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡೆ, ನೀರು ನಿಲ್ಲುವುದಿಲ್ಲ. ಉಡುಪಿ, ಮಣಿಪಾಲ ಎರಡಕ್ಕೂ ನಳ್ಳಿ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇಯಲ್ಲಿ ಅದು ತಳ ಕಂಡು ಇಡೀ ಊರು ಟ್ಯಾಂಕರಿಗೆ ಕಾದಿತ್ತು. ಡಬ್ಬಿ ಊಟದ ಮನೆಗೆ ನೀರೇ ಬಂಡವಾಳ. ಬಾವಿ ಇರುವ ಮನೆ ಸಿಕ್ಕಿದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಬಿಡಬೇಡಿ. ಓನರ್ ಹೇಳಿದ್ದು ಸಾಕಾಗುವುದಿಲ್ಲ, ನೀವೇ ಬಗ್ಗಿ ನೋಡಿ, ಪಕ್ಕದ ಮನೆಯವರನ್ನೂ ಕೇಳಿ.

ಸಾಮಾನು ಕೂಡ ಮಳೆಗೆ ಮೊದಲೇ ತನ್ನಿ. ಆಗುಂಬೆ ಘಾಟಿಯಲ್ಲಿ ಓಡುವ ಬಸ್ಸೇ ಮಿನಿ ಬಸ್ಸು, ಲಾರಿಯವರು ಮಾಸ್ತಿಕಟ್ಟೆ, ಬಾಳೆಬರೆ ಘಾಟಿ ಇಳಿದು ಕುಂದಾಪುರ ಕಡೆಯ ಸಿದ್ದಾಪುರದ ಮೇಲೆ ಬರಬೇಕು. ಜೋರು ಮಳೆಗೆ ಅಲ್ಲಿಯೂ ಗುಡ್ಡ ಜರಿಯುವುದುಂಟು. ಮನೆ ನೋಡಲಿಕ್ಕೆ ಬರುವ ದಿನ ಭಾನುವಾರ ಆಗಲಿ, ಅಂಗಡಿಗೆ ರಜೆ, ನಾನೇ ಬಂದು ಪರ್ಕಳದ ಮನೆಗಳನ್ನು ತೋರಿಸ್ತೇನೆ. ಮನೆಯವರನ್ನೂ ಕರ್ಕೊಂಡು ಬನ್ನಿ, ಅಡುಗೆಕೋಣೆ ನೋಡಬೇಕಾದವರು ಅವರು.