1944ರ ಬೊಲೆರೊ 1991ರಲ್ಲಿ ಹೊಸ ಹಾಡಾದದ್ದು ಹೇಗೆ?

ಪ್ರಶ್ನೆ (ತುಮಕೂರಿನಿಂದ):
ನಮಸ್ಕಾರ. ಸುಗಮ ಸಂಗೀತ ಹಾಡುವ ನಾವು ಕೆಲವರು ತಿಂಗಳಿಗೊಮ್ಮೆ ಇಲ್ಲಿ ಸೇರಿ, ಬೇರೆ ಭಾಷೆಗಳ ಪ್ರೇಮಗೀತೆಗಳನ್ನು ಕೇಳಿ ಚರ್ಚಿಸುತ್ತೇವೆ. ಈ ಬಾರಿ ಮೆಕ್ಸಿಕೊದ ಲೂಯಿಸ್ ಮಿಗೆಲ್ ಹಾಡಿರುವ ‘ಇನೊಲ್ವಿದಾಬ್ಲೆ’ಯನ್ನು ಆಯ್ದುಕೊಂಡಿದ್ದೇವೆ. ಎಷ್ಟು ಜನರನ್ನು ಅರಸಿ ಹೋದರೂ ಒಬ್ಬಳನ್ನು ಮರೆಯಲಾರದವನ ಅಳಲನ್ನು ಕ್ಯೂಬಾದ ಹೂಲಿಯೊ ಗುಟಿಯೆರೆಸ್ 1944ರಲ್ಲೇ ಬೊಲೆರೊ ಎಂಬ, ನಿಧಾನ ಲಯದ ಪ್ರೇಮಗೀತೆಯ ಪ್ರಕಾರದಲ್ಲಿ ಹಾಡಾಗಿಸಿದ್ದರು. ಅದು 1991ರಲ್ಲಿ ‘ರೊಮಾನ್ಸೆ’ ಆಲ್ಬಂನ ಮೊದಲ ಹಾಡಾಗಿ ಬಿಡುಗಡೆಯಾಯಿತು. ಇಪ್ಪತ್ತೊಂದರ ಹರೆಯದ ಪಾಪ್ ಗಾಯಕನೊಬ್ಬ ಅಜ್ಜಂದಿರ ಕಾಲದ ಹಾಡಿಗೆ ಮನಸ್ಸು ಮಾಡಿದ್ದೇಕೆ, ಮತ್ತು ಇಷ್ಟೊಂದು ಪಿಟೀಲುಗಳ ನಡುವೆಯೂ ಅದು ಬೊಲೆರೊ ಆಗಿಯೇ ಉಳಿದದ್ದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಕೋಲಾರದಿಂದ):
ಒಳ್ಳೆಯ ಆಯ್ಕೆ, ಮೇಡಂ. ಧ್ವನಿಮುದ್ರಣ ಕಂಪನಿಯ ಜೊತೆಗಿನ ಒಪ್ಪಂದದ ಪ್ರಕಾರ ಲೂಯಿಸ್ ಮಿಗೆಲ್ ಹೊಸ ಆಲ್ಬಂ ಒಪ್ಪಿಸಬೇಕಾದ ಅವಧಿ ಹತ್ತಿರವಾಗಿದ್ದಾಗ ಬೊಲೆರೊಗಳನ್ನು ಹಾಡುವ ಸಲಹೆ ಬಂತು. ನಿರ್ಮಾಣದಲ್ಲಿ ಜೊತೆಗೂಡಿದವರು ಸ್ವತಃ ದೊಡ್ಡ ಬೊಲೆರೊ ರಚನಕಾರರಾದ ಅರ್ಮಾಂಡೊ ಮಂಜನೆರೊ. ಅವಸರದಲ್ಲಿ ಹುಟ್ಟಿದ ಯೋಜನೆ ಎಂಬ ಸುಳಿವು ಹಾಡಿನಲ್ಲಿ ಎಲ್ಲಿಯೂ ಸಿಗದಿರುವುದಕ್ಕೆ ಅವರ ಅನುಭವವೇ ಕಾರಣವೆಂದು ನಾನು ನಂಬಿದ್ದೇನೆ. ವಾದ್ಯಸಂಯೋಜನೆ ಅರ್ಜೆಂಟೀನಾದ ಬೆಬು ಸಿಲ್ವೆಟ್ಟಿಯವರದು. ಆಲ್ಬಂ 1991ರ ನವೆಂಬರ್ 19ರಂದು ಹೊರಬಂತು; ಅದರಲ್ಲಿದ್ದ ಹನ್ನೆರಡೂ ಹಳೆಯ ಹಾಡುಗಳೇ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಲ್ಯಾಟಿನ್ ಪಾಪ್ ಪಟ್ಟಿಯಲ್ಲಿ ಅದು 32 ವಾರ ಮೊದಲ ಸ್ಥಾನದಲ್ಲಿತ್ತು. ಹಿರಿಯರಿಗೆ ಗೊತ್ತಿದ್ದ ಹಾಡು, ಕಿರಿಯರು ಮೆಚ್ಚಿದ ಕಂಠ, ಈ ಎರಡೂ ಒಂದೇ ಮನೆಯಲ್ಲಿ ಕೂಡಿಬಂದದ್ದೇ ಆ ಬಿಡುಗಡೆಯ ಬಲ. ನಮ್ಮಲ್ಲೂ 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ, ಪುಸ್ತಕದ ಕವಿತೆಗಳು ಹಾಡಾಗಿ ಮನೆಮನೆಗೆ ತಲುಪಿದ್ದವು.

ಉತ್ತರ (ಚಿಕ್ಕಬಳ್ಳಾಪುರದಿಂದ):
ಗಿಟಾರ್ ನುಡಿಸುವವನಾಗಿ ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಕ್ಯೂಬಾದ ಸಾಂಟಿಯಾಗೊದಲ್ಲಿ 1883ರ ಸುಮಾರಿಗೆ ಪೆಪೆ ಸಾಂಚೆಸ್ ರಚಿಸಿದ ‘ತ್ರಿಸ್ತೇಸಾಸ್’ ಅನ್ನು ಮೊದಲ ಬೊಲೆರೊ ಎನ್ನುತ್ತಾರೆ; ಆ ಪ್ರಕಾರ ಬೆಳೆದದ್ದೇ ಗಿಟಾರಿನ ಮೇಲೆ. 1944ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ತ್ರಿಯೊ ಲೋಸ್ ಪಾಂಚೋಸ್ ತಂಡದ ಧ್ವನಿಮುದ್ರಣಗಳಲ್ಲಿ, ‘ರೆಕಿಂಟೊ’ ಎಂಬ ಚಿಕ್ಕ ಗಿಟಾರು ಎತ್ತರದ ಶ್ರುತಿಯಲ್ಲಿ ಗಾಯಕನ ಪ್ರತಿ ಸಾಲಿಗೂ ಮರುನುಡಿಯುತ್ತದೆ. ಮಾತು ಮುಗಿದು ಉಸಿರು ಎಳೆದುಕೊಳ್ಳುವ ಆ ಒಂದು ಕ್ಷಣದ ಬಿಡುವಿನಲ್ಲಿ ಬೆರಳು ತಂತಿಯ ಮೇಲೆ ಜಾರುವ ಸದ್ದೂ ಕೇಳುತ್ತದೆ. 1991ರ ಹಾಡಿನಲ್ಲಿ ಆ ಬಿಡುವನ್ನೆಲ್ಲ ವಾದ್ಯವೃಂದ ತುಂಬಿಬಿಟ್ಟಿದೆ. ಕಂಠ ಸೊಗಸಾಗಿದೆ, ಸಂಯಮವೂ ಇದೆ. ಆದರೆ ಒಬ್ಬಳಿಗಾಗಿ ಹಾಡುವವನ ಆಪ್ತತೆ ಕಡಿಮೆಯಾಗಿದೆ ಎಂದೇ ನನಗೆ ಅನ್ನಿಸುತ್ತದೆ.

ಉತ್ತರ (ತುಮಕೂರಿನಿಂದ, ತಬಲಾ ವಾದಕ):
ಮೇಡಂ ಅವರ ಎರಡನೆಯ ಪ್ರಶ್ನೆಗೆ ಉತ್ತರ ಲಯದಲ್ಲಿದೆ. ಇದೇ ಹೆಸರಿನ ಸ್ಪೇನಿನ ನೃತ್ಯ ಮೂರು ಎಣಿಕೆಯ ನಡೆಯದು, ಕ್ಯೂಬಾದ್ದು ಎರಡು ಅಥವಾ ನಾಲ್ಕರದು. ಪಿಟೀಲುಗಳನ್ನು ಸ್ವಲ್ಪ ಹೊತ್ತು ಮರೆತು ತಾಳವಾದ್ಯಗಳಿಗಷ್ಟೇ ಕಿವಿಗೊಟ್ಟರೆ, ಎಲ್ಲಿಯೂ ಅವಸರಪಡದ ಆ ನಾಲ್ಕರ ನಡೆ ಸ್ಪಷ್ಟವಾಗುತ್ತದೆ. ಹಾಡುವವರು ಸಾಲನ್ನು ಲಯಕ್ಕಿಂತ ತುಸು ತಡವಾಗಿ ಎತ್ತಿಕೊಳ್ಳುತ್ತಾರೆ, ಮುಗಿಯುವಷ್ಟರಲ್ಲಿ ಲಯದ ಜೊತೆ ಬಂದು ಸೇರುತ್ತಾರೆ. ವಾದ್ಯಗಳು ಏನೇ ಬದಲಾದರೂ ಬೊಲೆರೊ ಉಳಿದಿರುವುದು ಇಲ್ಲಿಯೇ.

ಉತ್ತರ (ಚಿಕ್ಕಬಳ್ಳಾಪುರದಿಂದ):
ಈ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ಸರ್. ಮೇಡಂ, ನಿಮ್ಮ ಕೂಟದಲ್ಲಿ ಇನ್ನೊಂದು ಹಾಡನ್ನೂ ಸೇರಿಸಿಕೊಳ್ಳಿ: ಅಲ್ವಾರೊ ಕಾರಿಯೊ ರಚಿಸಿದ ‘ಸಾಬೊರ್ ಆ ಮಿ’. ಲೋಸ್ ಪಾಂಚೋಸ್ ಜೊತೆ ಅಮೆರಿಕದ ಗಾಯಕಿ ಈಡಿ ಗೋರ್ಮೆ 1964ರಲ್ಲಿ ಹಾಡಿದ್ದನ್ನು ಮೊದಲು ಹಾಕಿ, ಲೂಯಿಸ್ ಮಿಗೆಲ್ 1997ರ ‘ರೊಮಾನ್ಸೆಸ್’ ಆಲ್ಬಂನಲ್ಲಿ ಹಾಡಿದ್ದನ್ನು ಆಮೇಲೆ ಕೇಳಿಸಿ. ಹಾಡು ಒಂದೇ ಆದ್ದರಿಂದ ಗಿಟಾರು ಏನು ಕೊಡುತ್ತದೆ, ವಾದ್ಯವೃಂದ ಏನು ಕೊಡುತ್ತದೆ ಎಂಬುದನ್ನು ನಿಮ್ಮ ಗಾಯಕರೇ ಕೇಳಿ ನಿರ್ಧರಿಸಬಹುದು.