ಪದಚರ್ಚೆ: ಚರ್ಮದ ಮೈಕ್ರೋಬಯೋಮ್‌ಗೆ ‘ಒಕ್ಕಲು’ ಎನ್ನಬಹುದೇ?

ಮಾನ್ಯರೇ,

ಮಕ್ಕಳ ಎಕ್ಸಿಮಾ ಕುರಿತು ಹಾಸನ ತಾಲ್ಲೂಕಿನ ಅಂಗನವಾಡಿಗಳಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ತೊಡಕಾಗಿದೆ.

ಮೊದಲನೆಯದು ಸಣ್ಣದು. ಈ ಕಾಯಿಲೆಗೆ ನಮ್ಮಲ್ಲಿ ‘ಇಸುಬು’ ಎಂಬ ಮಾತು ಇದ್ದೇ ಇದೆ. ಆದರೆ ಕೆಂಪಾಗಿ ನವೆಯಾಗುವುದನ್ನೆಲ್ಲ ‘ಕಜ್ಜಿ’ ಎಂದುಬಿಡುವವರೂ ಇದ್ದಾರೆ. ವೈದ್ಯರು ಕಜ್ಜಿ ಎನ್ನುವುದು ಸಣ್ಣ ಹುಳದಿಂದ ಬಂದು ಒಬ್ಬರಿಂದೊಬ್ಬರಿಗೆ ಹರಡುವ ಬೇರೆಯೇ ಕಾಯಿಲೆಗೆ, ಇಸುಬು ಅಂಟುವುದಿಲ್ಲ. ಮೊಣಕೈ ಮಡಿಕೆಯನ್ನು ಕೆರೆದು ಕೆರೆದು ರಸಿಕೆ ಒಸರುತ್ತಿದ್ದ ಮೂರು ವರ್ಷದ ಹುಡುಗಿಯೊಬ್ಬಳ ಪಕ್ಕದಿಂದ ಇನ್ನೊಬ್ಬ ತಾಯಿ ತನ್ನ ಮಗುವನ್ನು ಚಾಪೆಸಮೇತ ಆಚೆಗೆ ಎಳೆದುಕೊಂಡದ್ದನ್ನು ಕಂಡ ಮೇಲೆ, ‘ಇಸುಬು’ ಎಂದೇ ಬರೆಯುವುದೆಂದು ತೀರ್ಮಾನಿಸಿದ್ದೇನೆ.

ಎರಡನೆಯದು ನಿಜವಾದ ಕಗ್ಗಂಟು. ಚರ್ಮದ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ ಮುಂತಾದವುಗಳ ಇಡೀ ಸಮೂಹವನ್ನು ‘ಮೈಕ್ರೋಬಯೋಮ್’ ಎನ್ನುತ್ತಾರೆ. ‘ಸೂಕ್ಷ್ಮಜೀವಿ ಸಮುದಾಯ’ ಎಂದರೆ ತಪ್ಪಲ್ಲ, ಆದರೆ ಓದಿದವರು ಮರುದಿನ ಆ ಮಾತನ್ನು ಬಳಸಲಾರರು. ‘ಕ್ರಿಮಿ’, ‘ರೋಗಾಣು’ ಎಂದರಂತೂ ಅಪಾಯವೇ. ಅದೇ ಹುಡುಗಿಯ ಅಜ್ಜಿ, “ಹುಳ ಸಾಯ್ಲಿ ಅಂತ ದಿನಾ ಎರಡು ಸಲ ಸೋಪು ಹಾಕಿ ಉಜ್ತೀನಿ” ಎಂದರು. ಚರ್ಮದ ಮೇಲ್ಮೈ ಕೊಂಚ ಆಮ್ಲೀಯ, ಪಿಎಚ್ ಸುಮಾರು 5; ಸಾಮಾನ್ಯ ಸೋಪು ಕ್ಷಾರೀಯ. ಉಜ್ಜಿದಷ್ಟೂ ಜಿಡ್ಡು ಹೋಗಿ, ಮೊದಲೇ ಒಣಗಿದ್ದ ಚರ್ಮ ಮತ್ತಷ್ಟು ಬಿರಿಯುತ್ತದೆ. ಅಜ್ಜಿಯ ತಪ್ಪಿಗಿಂತ ‘ಹುಳ’ ಎಂಬ ಪದದ ತಪ್ಪೇ ಇಲ್ಲಿ ದೊಡ್ಡದು.

ಹಾಗಾಗಿ ‘ಒಕ್ಕಲು’ ಎಂಬ ಪದ ನೆನಪಾಯಿತು. ‘ಆ ಊರಿನಲ್ಲಿ ನಲವತ್ತು ಒಕ್ಕಲು’ ಎನ್ನುವಾಗ ಅಲ್ಲಿ ನೆಲೆನಿಂತು ಬಾಳುವ ಮನೆಗಳು ಎಂದರ್ಥವೇ ಹೊರತು ಬಂದುಹೋಗುವವರ ಲೆಕ್ಕವಲ್ಲ. ಚರ್ಮದ ಹಳೆಯ ಒಕ್ಕಲುಗಳಲ್ಲೊಂದಾದ ಬ್ಯಾಕ್ಟೀರಿಯಾ ಸ್ಟಫೈಲೊಕಾಕಸ್ ಎಪಿಡರ್ಮಿಡಿಸ್‌ನ ಕೆಲವು ತಳಿಗಳು, ಅದರದೇ ಕುಲದ ಸ್ಟಫೈಲೊಕಾಕಸ್ ಆರಿಯಸ್ ಬೆಳೆಯದಂತೆ ತಡೆಯುವ ವಸ್ತುಗಳನ್ನು ಸ್ರವಿಸುತ್ತವೆ. ಇಸುಬು ಕೆರಳಿದಾಗ ಈ ಆರಿಯಸ್ ಹೆಚ್ಚಿ, ಉಳಿದವುಗಳ ವೈವಿಧ್ಯ ಕುಗ್ಗುತ್ತದೆಂದೂ, ಚಿಕಿತ್ಸೆಯೊಂದಿಗೆ ಆ ವೈವಿಧ್ಯ ಮರಳುತ್ತದೆಂದೂ 2012ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಚರ್ಮದ ಮಾದರಿಗಳಿಂದ ತೋರಿಸಿದರು. ಇದಕ್ಕೆ ‘ಒಕ್ಕಲೆಬ್ಬಿಸು’ ಎಂಬ ಸಿದ್ಧ ಕ್ರಿಯಾಪದವೇ ಇದೆಯಲ್ಲ ಎಂದು ಹಿಗ್ಗಿದೆ.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಒಕ್ಕಲೆಬ್ಬಿಸು ಎಂದರೆ ಆರಿಯಸ್ಸೇ ಮೊದಲು ಬಂದು ಉಳಿದವರನ್ನು ಓಡಿಸಿತು ಎಂದಾಗುತ್ತದೆ. ಆದರೆ ಅನೇಕ ಮಕ್ಕಳಲ್ಲಿ ಮೊದಲು ಕೆಟ್ಟಿರುವುದು ಚರ್ಮದ ತಡೆಯೇ, ಅಂದರೆ ಹೊರಗಿನದನ್ನು ಒಳಬಿಡದೆ ಕಾಯುವ ಅದರ ಹೊರಪದರವೇ. ಆ ತಡೆಯನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿನ ದೋಷಕ್ಕೂ ಇಸುಬಿಗೂ ನಂಟಿರುವುದು 2006ರಲ್ಲೇ ಗೊತ್ತಾಗಿದೆ. ಅಲ್ಲದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಕಳೆದುಕೊಂಡವರ ಮನೆಗಳಿಗೂ ಈ ಕೈಪಿಡಿ ಹೋಗಲಿದೆ. ಅವರ ಕಿವಿಗೆ ಆ ಕ್ರಿಯಾಪದ ಬರಿಯ ಉಪಮೆಯಾಗಿ ಕೇಳಿಸದು.

ಮಲೆನಾಡಿನವರಿಗೆ ಚಿರಪರಿಚಿತವಾದ ‘ಒತ್ತುವರಿ’ ಇದಕ್ಕಿಂತ ವಾಸಿಯೆಂದು ಈಗ ತೋರುತ್ತಿದೆ. ಬೇಲಿ ಕಿತ್ತುಹೋದ ಕಡೆ ಒತ್ತುವರಿಯಾಗುತ್ತದೆ. ಒತ್ತುವರಿಯಾದ ಮೇಲೆ ಬೇಲಿ ಇನ್ನಷ್ಟು ಹಾಳಾಗುತ್ತದೆ. ಆರಿಯಸ್‌ನ ವಿಷವಸ್ತುಗಳೂ ಕಿಣ್ವಗಳೂ ಉರಿಯೂತ, ನವೆಗಳನ್ನು ಹೆಚ್ಚಿಸುತ್ತವೆ, ಮಗು ಕೆರೆದುಕೊಳ್ಳುತ್ತದೆ, ಚರ್ಮ ಮತ್ತೆ ಹರಿಯುತ್ತದೆ. ಕಾಯಿಲೆಯ ಈ ಸುತ್ತು ಪದದಲ್ಲೇ ಅಡಗಿದೆ.

ಉಳಿದದ್ದು ‘ಒಕ್ಕಲು’. ಅದನ್ನು ಕೇಳಿದೊಡನೆ ಜಾತಿಯ ಹೆಸರೇ ನೆನಪಾಗುತ್ತದೆಂದು ಸ್ನೇಹಿತರೊಬ್ಬರ ಆಕ್ಷೇಪ. ಮೂಡಿಗೆರೆ, ಕೊಪ್ಪದ ಕಡೆಯವರು ಮನೆಗಳ ಲೆಕ್ಕಕ್ಕೆ ಈ ಪದವನ್ನು ಇಂದಿಗೂ ಬಳಸುತ್ತಾರೆಯೇ? ‘ಚರ್ಮದ ಒಕ್ಕಲು’ ಎಂದರೆ ನಿಮ್ಮ ಮನೆಯ ಹಿರಿಯರಿಗೆ ಏನೆಂದು ಅರ್ಥವಾಗುತ್ತದೆ, ದಯವಿಟ್ಟು ಕೇಳಿ ತಿಳಿಸುವಿರಾ?