ಸ್ಟಾಲ್‌ಗೆ ‘ರೆಕ್ಕೆ ಸೋಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಯುದ್ಧವಿಮಾನದ ಆನ್‌ಲೈನ್ ಆಟಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ತಂಗಿಯ ಮಗನಿಗೆಂದು ಶುರು ಮಾಡಿದ್ದು, ಈಗ ಅವನ ಗೆಳೆಯರೂ ಓದುತ್ತಿದ್ದಾರೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಅದರಲ್ಲೂ ‘ಸ್ಟಾಲ್’, ಅಂದರೆ ಹಾರುತ್ತಿರುವಾಗಲೇ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವುದು, ಬಿಡುತ್ತಲೇ ಇಲ್ಲ.

ಹುಡುಗ ವಾರ್ ಥಂಡರ್ ಎಂಬ ಆಟದ ಸಲೀಸಾದ ಆರ್ಕೇಡ್ ಮೋಡ್ ಬಿಟ್ಟು ಮೊದಲ ಸಲ ಜಾಯ್‌ಸ್ಟಿಕ್ ಹಿಡಿದು, ನಿಜಕ್ಕೆ ಹತ್ತಿರವಾದ ಸಿಮ್ಯುಲೇಟರ್ ಮೋಡ್‌ಗೆ ಹೋದ ದಿನ ನಾನು ಪಕ್ಕದಲ್ಲೇ ಇದ್ದೆ. ಎದುರಾಳಿಯ ಬೆನ್ನು ಹತ್ತಿ ಸ್ಟಿಕ್ಕನ್ನು ಹೊಟ್ಟೆಯ ತನಕ ಎಳೆದ. ವಿಮಾನ ಗಡಗಡ ನಡುಗಿತು. ಎಡಗಡೆ ರೆಕ್ಕೆ ತಟ್ಟನೆ ಕುಸಿದು, ಮೂತಿ ಕೆಳಗಾಗಿ ಸುತ್ತತೊಡಗಿತು. ‘ಎಂಜಿನ್ ಓಡ್ತಾನೇ ಇದೆಯಲ್ಲ ಮಾಮ, ಮತ್ತೆ ಯಾಕೆ ಬಿತ್ತು?’ ಅಂದ. ಕೈಪಿಡಿಯಲ್ಲಿ ನಾನು ಸ್ಟಾಲ್ ಅಂದರೆ ‘ಸ್ಥಗಿತ’ ಎಂದು ಬರೆದಿದ್ದೆ. ಅದನ್ನು ಓದಿದ ಯಾರಿಗಾದರೂ ಎಂಜಿನ್ ನಿಂತಿತು ಅಂತಲೇ ಅನಿಸುತ್ತದೆ, ಅಲ್ವಾ?

ನಡೆಯುವುದೇ ಬೇರೆ. ಎದುರಿನಿಂದ ಬರುವ ಗಾಳಿಗೆ ರೆಕ್ಕೆ ಒಂದು ಮಟ್ಟಕ್ಕಿಂತ ಜಾಸ್ತಿ ಓರೆಯಾದರೆ, ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ. ಎತ್ತಿಹಿಡಿಯುವ ಬಲ ಕುಸಿಯುತ್ತದೆ. ಎಂಜಿನ್ ಪೂರ್ತಿ ಜೋರಿನಲ್ಲಿದ್ದರೂ ಹೀಗಾಗಬಹುದು. ವೇಗ ಜಾಸ್ತಿ ಇದ್ದಾಗಲೂ ಆಗಬಹುದು.

ತುಂಬ ದೂರ ನಡೆದಾಗ ‘ಕಾಲು ಸೋತು ಹೋಯಿತು’ ಅನ್ನುತ್ತೇವೆ. ಭಾರ ಹಿಡಿದೂ ಹಿಡಿದೂ ‘ಕೈ ಸೋತಿತು’ ಅನ್ನುತ್ತೇವೆ. ಕಾಲು ಮುರಿದಿಲ್ಲ, ಕೈ ಮುರಿದಿಲ್ಲ, ಹೊರುವ ಕಸುವು ಹೋಗಿದೆ ಅಷ್ಟೆ. ಸ್ಟಾಲ್ ಆದ ರೆಕ್ಕೆಯದೂ ಅದೇ ಪಾಡು. ಹಾಗಾಗಿ ‘ರೆಕ್ಕೆ ಸೋಲು’. ಅದರ ಬೆನ್ನಿಗೇ ವಿಮಾನ ಸುತ್ತುತ್ತಾ ಬೀಳುವ ಸ್ಪಿನ್‌ಗೆ ‘ಗಿರಕಿ’ ಸಾಕು. ಗಿರಕಿಯಿಂದ ಹೊರಬರಲು ಥ್ರಾಟಲ್ (ಎಂಜಿನ್‌ನ ಜೋರು) ಇಳಿಸಿ, ಸುತ್ತುತ್ತಿರುವ ದಿಕ್ಕಿಗೆ ಎದುರಾಗಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ, ಬಾಲದ ಮೇಲಿನ ಹಲಗೆ) ಪೆಡಲ್ ತುಳಿದು, ಸ್ಟಿಕ್ ಮುಂದಕ್ಕೆ ತಳ್ಳಬೇಕು ಎಂದು ಬರೆದರೆ ಹುಡುಗರಿಗೆ ಒಂದೇ ಓದಿಗೆ ತಿಳಿಯುತ್ತದೆ.

ಎಂಜಿನ್ ನಿಜವಾಗಿ ತಡವರಿಸುವುದೂ ಉಂಟು. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮೊದಮೊದಲ ಮಾದರಿಗಳ ಮರ್ಲಿನ್ ಎಂಜಿನ್‌ಗೆ ಕಾರ್ಬ್ಯುರೇಟರ್ ಇತ್ತು. ಮೂತಿಯನ್ನು ತಟ್ಟನೆ ಕೆಳಗೆ ಒತ್ತಿದರೆ ಎಂಜಿನ್ ಒಂದು ಗಳಿಗೆ ಉಸಿರು ಕಟ್ಟುತ್ತಿತ್ತು. ಎದುರಾಳಿ ಜರ್ಮನರ ಮೆಸ್ಸರ್‌ಸ್ಮಿಟ್ 109ರದು ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ಫ್ಯುಯಲ್ ಇಂಜೆಕ್ಷನ್, ಅದಕ್ಕೆ ಈ ಕಾಟವಿರಲಿಲ್ಲ. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ರೂಪಿಸಿದ ಒಂದು ಪುಟ್ಟ ಲೋಹದ ತುಂಡು ಈ ತೊಂದರೆಯನ್ನು ಬಹಳಷ್ಟು ತಗ್ಗಿಸಿತು. ಇದಕ್ಕೆ ‘ಎಂಜಿನ್ ಬಿಕ್ಕಿತು’ ಎಂದು ಬರೆದಿದ್ದೇನೆ. ರೆಕ್ಕೆ ಸೋಲುತ್ತದೆ, ಎಂಜಿನ್ ಬಿಕ್ಕುತ್ತದೆ. ಎರಡನ್ನೂ ‘ಸ್ಥಗಿತ’ದೊಳಗೆ ತುರುಕಬಾರದು.

ಇನ್ನೊಂದು ತೊಡಕು ಮೋಡ್‌ಗಳ ಹೆಸರು. ವಾರ್ ಥಂಡರ್‌ನಲ್ಲಿ ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್ ಎಂದು ಮೂರು. ಪದಕೋಶ ನೋಡಿ ‘ನೈಜ’, ‘ಅನುಕರಣೆ’ ಎಂದು ಬರೆದರೆ ಏಣಿಯೇ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ಅನುಕರಣೆ ನೈಜಕ್ಕಿಂತ ಕೆಳಗಿನದು. ಆಟದಲ್ಲಿ ಸಿಮ್ಯುಲೇಟರೇ ನಿಜಕ್ಕೆ ಹೆಚ್ಚು ಹತ್ತಿರ: ಕಾಕ್‌ಪಿಟ್ ಒಳಗಿನ ನೋಟ ಮಾತ್ರ, ಮೌಸ್ ತೋರಿಸಿದ ಕಡೆಗೆ ವಿಮಾನವನ್ನು ತಾನೇ ತಿರುಗಿಸುವ ನೆರವೂ ಇಲ್ಲ. ಸದ್ಯಕ್ಕೆ ‘ಸಲೀಸು, ನಡು, ಪೂರ್ತಿ ನಿಜ’ ಎಂದು ಇಟ್ಟಿದ್ದೇನೆ. ‘ನಡು’ ಸಪ್ಪೆ ಅನಿಸುತ್ತಿದೆ.

ರಡ್ಡರ್‌ಗೆ ‘ಚುಕ್ಕಾಣಿ’ ಹಾಕಿ ತೆಗೆದುಬಿಟ್ಟೆ. ದೋಣಿಯ ಹಾಗೆ ಅದರಿಂದಲೇ ವಿಮಾನ ತಿರುಗುತ್ತದೆ ಅಂದುಕೊಂಡು ಹುಡುಗರು ಸುಮ್ನೆ ಪೆಡಲ್ ತುಳಿಯುತ್ತಾರೆ. ವಿಮಾನ ತಿರುಗುವುದು ಮುಖ್ಯವಾಗಿ ಪಕ್ಕಕ್ಕೆ ವಾಲಿಕೊಂಡು.

ಇನ್ನು ದುಡ್ಡಿನ ಮಾತು. ಆಟದಿಂದ ದುಡ್ಡು ಮಾಡುವ ‘ಮಾನಿಟೈಸೇಷನ್’ಗೆ ‘ನಗದೀಕರಣ’ ಎಂಬುದು ಪತ್ರಿಕೆಯ ಪದ, ಆಡುವವನಿಗೆ ಅದು ಏನನ್ನೂ ಹೇಳುವುದಿಲ್ಲ. ಡಿಸಿಎಸ್ ವರ್ಲ್ಡ್ ಎಂಬ ಇನ್ನೊಂದು ಆಟದಲ್ಲಿ ಸು-25ಟಿ, ಟಿಎಫ್-51ಡಿ ಎಂಬ ಎರಡು ವಿಮಾನ ಪುಕ್ಕಟೆ, ಉಳಿದವನ್ನು ಒಂದೊಂದಾಗಿ ಕೊಳ್ಳಬೇಕು. ಕೊಂಡ ಮೇಲೆ ಅದು ನಿಮ್ಮದು, ಕಲಿಯುವುದೊಂದೇ ಬಾಕಿ. ವಾರ್ ಥಂಡರ್‌ನಲ್ಲಿ ಆಡಿ ಆಡಿ ಅಂಕ ಕೂಡಿಟ್ಟು ಮುಂದಿನ ವಿಮಾನ ಪಡೆಯಬೇಕು. ಪ್ರೀಮಿಯಂ ಖಾತೆಗೆ ದುಡ್ಡು ಕೊಟ್ಟರೆ ಅಂಕ ಬೇಗ ಸೇರುತ್ತದೆ. ಮೊದಲನೆಯದರಲ್ಲಿ ವಿಮಾನ ಕೊಳ್ಳುತ್ತೇವೆ, ಎರಡನೆಯದರಲ್ಲಿ ಹೊತ್ತು ಕೊಳ್ಳುತ್ತೇವೆ. ಹೀಗಿದ್ದರೆ ‘ದುಡ್ಡಿಗೆ ಹೊತ್ತು’, ದುಡ್ಡು ಕೊಟ್ಟವನೇ ಗೆಲ್ಲುವಂಥದ್ದಾದರೆ ‘ದುಡ್ಡಿಗೆ ಗೆಲುವು’ ಎಂದು ಬೇರೆ ಬೇರೆ ಹೇಳಿದರೆ ಯಾವ ಆಟ ಎಂಥದ್ದು ಅಂತ ಅಪ್ಪ ಅಮ್ಮಂದಿರಿಗೂ ಗೊತ್ತಾಗುತ್ತದೆ. ಅಂಕಕ್ಕಾಗಿ ಅದದೇ ಆಟವನ್ನು ನೂರಾರು ಸಲ ಆಡುವ ‘ಗ್ರೈಂಡ್’ಗೆ ‘ಗೇಮೆ’ ಸರಿಹೊಂದುತ್ತದೆ. ಹೊಲದ ದುಡಿಮೆಯ ಪದ, ಬೆನ್ನು ಬಗ್ಗಿಸುವುದೂ ಅದರಲ್ಲಿದೆ. ಆದರೆ ‘ಗೇಮ್’ ಪಕ್ಕದಲ್ಲಿ ಕಿವಿಗೆ ಕಲಸಿಹೋಗುತ್ತದೆ ಎಂಬ ಅಳುಕಿದೆ.

‘ರೆಕ್ಕೆ ಸೋಲು’ಗೂ ಒಂದು ಅಡ್ಡಿ ಕಾಣುತ್ತಿದೆ. ಕಾದಾಟದ ಆಟದಲ್ಲಿ ‘ಸೋತಿತು’ ಅಂದಾಗ ಪಂದ್ಯವೇ ಸೋತಂತೆ ಕೇಳಿಸಬಹುದು. ನೇರ ಹಾರಾಟದಲ್ಲಿ ಇದಕ್ಕಿಂತ ನಿಧಾನವಾದರೆ ರೆಕ್ಕೆ ಸೋಲುತ್ತದೆ ಎನ್ನುವ ವೇಗ, ಅಂದರೆ ‘ಸ್ಟಾಲ್ ಸ್ಪೀಡ್’ಗೆ ‘ಸೋಲುವೇಗ’ ಅಂದರಂತೂ ಇನ್ನೂ ಗೊಂದಲ. ಇದಕ್ಕೆ ನಿಮ್ಮಲ್ಲಿ ಬೇರೆ ಪದವಿದ್ದರೆ ತಿಳಿಸಿ. ಹುಡುಗನಂತೂ ಕಾಯಲಿಲ್ಲ. ನಿನ್ನೆ ಸ್ಟಿಕ್ ನಡುಗಿದ ಕೂಡಲೇ ‘ಎಡ ರೆಕ್ಕೆ ಸೋಲ್ತಾ ಇದೆ ಮಾಮ’ ಎಂದು ಕೂಗಿ, ಸ್ಟಿಕ್ ಸಡಿಲ ಬಿಟ್ಟ.